ಕ್ಲಾಟ್ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಸೋಲುವುದು ಇಂಗ್ಲಿಷಿಗಷ್ಟೇ ಅಲ್ಲ

ಹೋದ ವರ್ಷ ಜೂನ್ ತಿಂಗಳು. ಕಾಕಾನ ಮಗಳು ಒಂದು ಹಳೇ ಪ್ರಶ್ನೆಪತ್ರಿಕೆಯ ಪ್ರಿಂಟ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ರಾಣೆಬೆನ್ನೂರಿನಲ್ಲಿ ಎರಡನೇ ಪಿಯುಸಿ, ಆರ್ಟ್ಸ್. ಹತ್ತನೇ ತರಗತಿವರೆಗೆ ನಮ್ಮೂರ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೇ ಮಾರ್ಕ್ಸು ತೆಗೆದವಳು. ವಕೀಲಳಾಗಬೇಕು ಅಂತ ಹಟ.

“ಅಣ್ಣಾ, ನಾಲ್ಕೂ ಆಪ್ಷನ್ ಪ್ಯಾಸೇಜಿನ್ಯಾಗ ಅದಾವು. ಯಾವುದಕ್ಕ ಟಿಕ್ ಹಾಕಬೇಕು?” ಅಂದಳು.

ನಾನು ಆವತ್ತು ನಕ್ಕಿದ್ದೆ. ಆಮೇಲೆ ಏಳು ತಿಂಗಳು ಅವಳ ಜೊತೆ ಕೂತಮೇಲೆ ಗೊತ್ತಾಯಿತು, ಅವಳ ಪ್ರಶ್ನೆಯಲ್ಲೇ ಇಡೀ ಕಾಯಿಲೆ ಇತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಪಿಯುಸಿ ಓದುವ ಮಗುವಿದ್ದರೆ ಕೊನೆವರೆಗೆ ಓದಿ.

ಕ್ಲಾಟ್ ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಪರೀಕ್ಷೆ. 2008ರಲ್ಲಿ ಶುರುವಾಯಿತು. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ಗೆ ಐದು ವರ್ಷದ ಕೋರ್ಸಿಗೆ ಸೇರಬೇಕಾದರೂ ಇದೇ ದಾರಿ. ಮೊದಲು 200 ಪ್ರಶ್ನೆ ಇರುತ್ತಿತ್ತು, ಜಿಕೆ ಉರು ಹೊಡೆದವರಿಗೂ ಒಂದಿಷ್ಟು ಮಾರ್ಕ್ಸು ಸಿಗುತ್ತಿತ್ತು. 2020ರಿಂದ ಎಲ್ಲ ಬದಲಾಯಿತು. ಈಗ 2 ಗಂಟೆಯಲ್ಲಿ 120 ಪ್ರಶ್ನೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಹೀಗೆ ಐದು ಭಾಗ. ಗಣಿತದ ಸಣ್ಣ ಭಾಗ ಬಿಟ್ಟರೆ ಎಲ್ಲ ಕಡೆ ಉದ್ದುದ್ದ ಪ್ಯಾಸೇಜು, ಒಂದೊಂದು ಸುಮಾರು 450 ಪದ. ಅಂದರೆ ಪರೀಕ್ಷಾ ಕೊಠಡಿಯಲ್ಲಿ ಕೂತು ಎಂಟು-ಒಂಬತ್ತು ಸಾವಿರ ಪದ ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬಬೇಕು. ತಪ್ಪು ಉತ್ತರಕ್ಕೆ ಕಾಲು ಮಾರ್ಕ್ಸು ಕಟ್. ಎಲ್ಲವೂ ಇಂಗ್ಲಿಷಿನಲ್ಲಿ.

ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಹೇಳುವ ಮಾತು ಒಂದೇ: “ಇಂಗ್ಲಿಷ್ ಬರೂದಿಲ್ಲಲ್ಲ, ಅದಕ್ಕ ಆಗೂದಿಲ್ಲ.” ನಾನೂ ಹಾಗೇ ಅಂದುಕೊಂಡಿದ್ದೆ.

ಅನುಮಾನ ಬಂದು ಒಂದು ಪರೀಕ್ಷೆ ಮಾಡಿದೆ. ಹಳೇ ಪತ್ರಿಕೆಯ ಒಂದು ಪ್ಯಾಸೇಜ್ ಕೊಟ್ಟು ಐದು ಪ್ರಶ್ನೆ ಮಾಡಿಸಿದೆ. ಎರಡು ಸರಿ ಬಂತು. ಒಂದು ವಾರ ಬಿಟ್ಟು ಅಷ್ಟೇ ಕಷ್ಟದ ಇನ್ನೊಂದು ಪ್ಯಾಸೇಜನ್ನು, ಅದರ ಪ್ರಶ್ನೆಗಳನ್ನು ನಾನೇ ಕೂತು ಕನ್ನಡಕ್ಕೆ ಮಾಡಿ ಕೊಟ್ಟೆ. ನಮ್ಮ ಕಡೆ ಆಡುವಂಥ ಸುಲಭ ಕನ್ನಡ. ಐದಕ್ಕೆ ಐದು ಬರಬಹುದು ಅಂದುಕೊಂಡೆ. ಬಂದಿದ್ದು ಮೂರು.

ಲೆಕ್ಕ ಹಾಕಿ ನೋಡಿ. ಇಂಗ್ಲಿಷಿನಿಂದ ಹೋಗಿದ್ದು ಒಂದು ಪ್ರಶ್ನೆ. ಉಳಿದ ಎರಡು ಹೋಗಿದ್ದು ಓದುವುದು ಬಾರದೇ. ಅದೂ ಅವಳ ತಾಯಿಭಾಷೆಯಲ್ಲಿ! ಒಬ್ಬಳ ಮೇಲೆ ಮಾಡಿದ ಪರೀಕ್ಷೆಯಿಂದ ಜಿಲ್ಲೆಯ ಮಕ್ಕಳ ಬಗ್ಗೆ ತೀರ್ಪು ಕೊಡಬಾರದು, ಒಪ್ಪುತ್ತೇನೆ. ಆದರೆ ನನ್ನ ಶಾಲೆಯ ದಿನ ನೆನಪು ಮಾಡಿಕೊಂಡರೆ ಇದು ಒಬ್ಬಳ ಕತೆ ಅಲ್ಲ ಅನ್ನಿಸುತ್ತದೆ.

ನಮಗೆ ಶಾಲೆಯಲ್ಲಿ ಓದುವುದನ್ನು ಹೇಗೆ ಕಲಿಸಿದರು? “ಕೆಳಗಿನ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ” ಅಂತ ಒಂದು ಪ್ರಶ್ನೆ ಬರುತ್ತಿತ್ತಲ್ಲ, ಅದನ್ನು ಯಾರಾದರೂ ಓದುತ್ತಿದ್ದರಾ? ಪ್ರಶ್ನೆಯಲ್ಲಿರುವ ಪದ ನೋಡುವುದು, ಆ ಪದ ಗದ್ಯದಲ್ಲಿ ಎಲ್ಲಿದೆ ಹುಡುಕುವುದು, ಆ ಸಾಲನ್ನು ಎತ್ತಿ ಬರೆಯುವುದು. ಪೂರ್ತಿ ಮಾರ್ಕ್ಸು. ಉಳಿದಿದ್ದಕ್ಕೆ ಗೈಡ್ ಇತ್ತು. ಪಾಠ ಓದದೇ ಗೈಡ್ ಓದಿ ಫಸ್ಟ್ ಕ್ಲಾಸ್ ಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ನಾನೂ ಅವರಲ್ಲಿ ಒಬ್ಬ, ಮುಚ್ಚಿಡುವುದೇನಿದೆ. ನಾವು ಕಲಿತಿದ್ದು ಪದ ಹುಡುಕುವ ವಿದ್ಯೆ, ಓದುವ ವಿದ್ಯೆಯಲ್ಲ.

ಕ್ಲಾಟ್ ಪತ್ರಿಕೆ ಮಾಡುವವರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ಅದಕ್ಕೇ ತಪ್ಪು ಉತ್ತರಗಳಲ್ಲಿ ಪ್ಯಾಸೇಜಿನ ಪದಗಳನ್ನೇ ತುಂಬಿರುತ್ತಾರೆ. ಸರಿಯಾದ ಉತ್ತರವನ್ನು ಎಷ್ಟೋ ಸಲ ಬೇರೆ ಪದಗಳಲ್ಲಿ ಬರೆದಿರುತ್ತಾರೆ. ಪದ ಹುಡುಕಿಕೊಂಡು ಹೋದವರು ನೇರ ಬಲೆಗೆ. “ನಾಲ್ಕೂ ಆಪ್ಷನ್ ಪ್ಯಾಸೇಜಿನ್ಯಾಗ ಅದಾವು” ಅಂತ ಅವಳು ಹೇಳಿದ್ದು ಇದನ್ನೇ. ಪದಗಳು ಇದ್ದವು, ಮಾತು ಇರಲಿಲ್ಲ.

ಹಾಗಾದರೆ ಏನು ಮಾಡಬೇಕು? ಪತ್ರಿಕೋದ್ಯಮ ಓದುವಾಗ ನನಗೆ ಕಲಿಸಿದ ಒಂದು ಪಾಠ ಇಲ್ಲಿ ಕೆಲಸಕ್ಕೆ ಬಂತು. ಯಾವ ಸುದ್ದಿ ಬರೆದುಕೊಂಡು ಹೋದರೂ ಮೇಷ್ಟ್ರು ಕೇಳುತ್ತಿದ್ದುದು ಒಂದೇ: “ಇದನ್ನ ಹೇಳಿದ್ದು ಯಾರು? ನೀನೋ, ಅವರೋ?”

ಕನ್ನಡದಲ್ಲಿ ಇದಕ್ಕೆ ಒಂದು ಚಂದದ ಪದ ಇದೆ, ‘ಅಂತೆ’. ‘ಮಳೆ ಬಂತು’ ಅಂದರೆ ನಾನು ನೋಡಿದ್ದು. ‘ಮಳೆ ಬಂತಂತೆ’ ಅಂದರೆ ಯಾರೋ ಹೇಳಿದ್ದು. ನಮ್ಮ ಕಡೆ ‘ಬಂತಂತ’ ಅಂತೀವಿ. ಓದು ಬಾರದ ಅಜ್ಜಿಯೂ ಇದನ್ನು ತಪ್ಪುವುದಿಲ್ಲ. ಆದರೆ ಇಂಗ್ಲಿಷ್ ಸಂಪಾದಕೀಯಗಳಲ್ಲಿ ಈ ‘ಅಂತೆ’ ಬಾಲದಲ್ಲಿ ಇರುವುದಿಲ್ಲ, ಸಾಲಿನ ತಲೆಯಲ್ಲೋ ನಡುವೆಯೋ ಅಡಗಿರುತ್ತದೆ. ‘ಕ್ರಿಟಿಕ್ಸ್ ಆರ್ಗ್ಯೂ’, ‘ಸಪೋರ್ಟರ್ಸ್ ಕ್ಲೇಮ್’, ‘ಇಟ್ ಈಸ್ ಆಫನ್ ಸೆಡ್’, ‘ಅಲೆಜೆಡ್ಲಿ’. ಇವೆಲ್ಲ ‘ಅಂತೆ’ಗಳೇ. ಲೇಖಕ ಎರಡು ಪ್ಯಾರಾ ಬೇರೆಯವರ ವಾದ ಹೇಳಿ, ಮೂರನೆಯದರಲ್ಲಿ ‘ಹೌಎವರ್’ ಅಂತ ತಿರುಗಿಬಿಡುತ್ತಾನೆ. ಪ್ರಶ್ನೆ ಬರುವುದು “ಲೇಖಕರ ಅಭಿಪ್ರಾಯ ಏನು?” ಅಂತ. ನಮ್ಮ ಹುಡುಗಿ ಪ್ರತಿ ಸಲ ಮೊದಲ ಎರಡು ಪ್ಯಾರಾದವರ ಅಭಿಪ್ರಾಯಕ್ಕೆ ಟಿಕ್ ಹಾಕುತ್ತಿದ್ದಳು.

ಒಂದು ಪೆನ್ಸಿಲ್ ಕೊಟ್ಟೆ. ಲೇಖಕ ತಾನೇ ಹೇಳಿದ ಸಾಲಿಗೆ ಏನೂ ಗುರುತು ಬೇಡ. ಬೇರೆಯವರ ಮಾತು ಬಂದ ಕಡೆಯೆಲ್ಲ ಅಂಚಿನಲ್ಲಿ ‘ಅಂತ’ ಅಂತ ಬರಿ. ಎಲ್ಲಿ ಲೇಖಕ ತಿರುಗಿದನೋ ಅಲ್ಲಿ ಒಂದು ಗೆರೆ ಎಳಿ. ಅಷ್ಟೇ. ಮೂರು ವಾರದಲ್ಲಿ ಆ ಥರದ ಪ್ರಶ್ನೆಗಳು ತಪ್ಪುವುದು ಬಹಳ ಕಡಿಮೆಯಾಯಿತು. ಹೊಸದಾಗಿ ಒಂದೇ ಒಂದು ಇಂಗ್ಲಿಷ್ ಪದ ಕಲಿಸಿರಲಿಲ್ಲ.

ಇನ್ನು ಕಾಕಾನ ವಿಷಯ. ಹೋದ ಹಂಗಾಮಿಗೆ ಮೊದಲು ಅವನು ಬೀಜೋತ್ಪಾದನೆಗೆ ಒಪ್ಪಂದ ಮಾಡಿಕೊಂಡಿದ್ದ. ನಮ್ಮ ತಾಲ್ಲೂಕಿನಲ್ಲಿ ಇದು ಮನೆಮನೆಯ ಕೆಲಸ, ನಿಮಗೂ ಗೊತ್ತಿರಬಹುದು. ಗಂಡು ಸಾಲು, ಹೆಣ್ಣು ಸಾಲು, ಹೂ ಕ್ರಾಸ್ ಮಾಡಲು ಬೆಳಿಗ್ಗೆ ಬೆಳಿಗ್ಗೆ ಆಳು. ಬೀಜ ಕೊಟ್ಟು ತಿಂಗಳುಗಟ್ಟಲೆ ಕಾದರೂ ಪೂರ್ತಿ ದುಡ್ಡು ಬರಲಿಲ್ಲ. ಕೇಳಲು ಹೋದರೆ ಕರಾರು ಪತ್ರ ತೋರಿಸಿದರು. ಕನ್ನಡದಲ್ಲೇ ಇತ್ತು. ‘ತಳಿ ಶುದ್ಧತೆ ಪರೀಕ್ಷೆಯ ಫಲಿತಾಂಶಕ್ಕೆ ಒಳಪಟ್ಟು ದರ ಪಾವತಿಸಲಾಗುವುದು.’ ಕಾಕಾ ಅದನ್ನು ಸಹಿ ಹಾಕುವ ಮೊದಲು ಓದಿದ್ದನಂತೆ. ‘ದರ ಪಾವತಿಸಲಾಗುವುದು’ ಅಷ್ಟೇ ಕಣ್ಣಿಗೆ ಬಿದ್ದಿದ್ದು. ‘ಒಳಪಟ್ಟು’ ಅನ್ನುವ ಪದ ಅವನಿಗೆ ಕಂಡರೂ ಕಾಣಲಿಲ್ಲ.

ಆ ಪತ್ರವನ್ನೇ ನಾವು ಪಾಠದ ಪುಸ್ತಕ ಮಾಡಿಕೊಂಡೆವು. ಜೊತೆಗೆ ಪಂಚಾಯಿತಿ ನೋಟಿಸು, ಬ್ಯಾಂಕಿನ ಬೆಳೆಸಾಲದ ಫಾರ್ಮು, ವಿಮೆ ಕಾಗದ. ‘ಸಲ್ಲಿಸತಕ್ಕದ್ದು’ ಅಂದರೆ ಬಿಡುವಂತಿಲ್ಲ, ‘ಸಲ್ಲಿಸಬಹುದು’ ಅಂದರೆ ಇಷ್ಟ ಇದ್ದರೆ. ಇಂಗ್ಲಿಷಿನ ‘ಶಲ್’ ಮತ್ತು ‘ಮೇ’ ಅಂದರೆ ಸಾಮಾನ್ಯವಾಗಿ ಇದೇ. ‘ರೈತರೂ ಅರ್ಹರು’ ಬೇರೆ, ‘ರೈತರು ಮಾತ್ರ ಅರ್ಹರು’ ಬೇರೆ. ‘ನೋಟಿಸ್ ನೀಡದ ಹೊರತು ತೆರವುಗೊಳಿಸುವಂತಿಲ್ಲ’ ಅನ್ನುವ ಸಾಲಿನಲ್ಲಿ ಎರಡು ‘ಇಲ್ಲ’ಗಳಿವೆ, ಬಿಡಿಸಿದರೆ ‘ತೆರವು ಮಾಡಬೇಕಾದರೆ ನೋಟಿಸ್ ಕೊಟ್ಟಿರಲೇಬೇಕು’ ಅಂತಾಗುತ್ತದೆ. ‘ಅನ್‌ಲೆಸ್’ ಬಂದ ಕಡೆಯೆಲ್ಲ ಹೀಗೇ ಬಿಡಿಸಬೇಕು. ಹದಿನೈದು ದಿನ ಕನ್ನಡದ ಕಾಗದಗಳಲ್ಲಿ ಇದನ್ನು ಹಿಡಿಯುವುದು ರೂಢಿಯಾದ ಮೇಲೆ ಇಂಗ್ಲಿಷ್ ಪ್ಯಾಸೇಜಿಗೆ ಹೋದೆವು. ಏನನ್ನು ಹುಡುಕಬೇಕು ಅಂತ ಗೊತ್ತಿದ್ದವಳಿಗೆ ಅದರ ಇಂಗ್ಲಿಷ್ ಹೆಸರು ಕಲಿಯುವುದು ಕಷ್ಟವಾಗಲಿಲ್ಲ.

ಕಾನೂನು ತರ್ಕದ ಭಾಗದಲ್ಲಿ ಮಾತ್ರ ಬೇರೆ ಥರದ ತೊಂದರೆ. ಅಲ್ಲಿ ಅವಳನ್ನು ಸೋಲಿಸುತ್ತಿದ್ದುದು ಅವಳ ಒಳ್ಳೆಯತನ! ನಾನೇ ಮಾಡಿಕೊಟ್ಟ ಒಂದು ಉದಾಹರಣೆ ಹೇಳುತ್ತೇನೆ. ಪ್ಯಾಸೇಜ್ ಹೇಳುತ್ತದೆ: 18 ವರ್ಷ ತುಂಬದವರು ಮಾಡಿಕೊಂಡ ಕರಾರು ಮೊದಲಿನಿಂದಲೇ ಅಸಿಂಧು, ಅದರ ಆಧಾರದ ಮೇಲೆ ಅವರಿಂದ ಹಣ ವಸೂಲಿ ಮಾಡುವಂತಿಲ್ಲ. (ಇದು 1903ರಲ್ಲಿ ಮೊಹೋರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ ಮಾತು, ಕಾನೂನು ಓದುವವರೆಲ್ಲ ಮೊದಲ ವರ್ಷವೇ ಓದುತ್ತಾರೆ.) ಪ್ರಶ್ನೆ: 17 ವರ್ಷದ ಹುಡುಗ ‘ನನಗೆ 19’ ಅಂತ ಸುಳ್ಳು ಹೇಳಿ ಕಂತಿನ ಮೇಲೆ ಬೈಕ್ ತಗೊಂಡ, ಕಂತು ಕಟ್ಟಲಿಲ್ಲ. ಅಂಗಡಿಯವನು ಕರಾರಿನ ಪ್ರಕಾರ ಕಂತು ವಸೂಲಿ ಮಾಡಬಹುದೇ?

“ಮಾಡಬೇಕಲ್ಲಣ್ಣಾ, ಸುಳ್ಳು ಹೇಳ್ಯಾನ!” ಅಂದಳು. ನ್ಯಾಯವಾದ ಮಾತೇ. ಆದರೆ ಸುಳ್ಳು ಹೇಳಿದರೆ ಏನು ಅಂತ ಪ್ಯಾಸೇಜ್ ಎಲ್ಲೂ ಹೇಳಿಲ್ಲ. ವಯಸ್ಸು ಮಾತ್ರ ಹೇಳಿದೆ. ಹಾಗಾಗಿ ಉತ್ತರ ‘ಇಲ್ಲ’. ನಿಜವಾದ ಕೋರ್ಟಿನಲ್ಲಿ ಇದಕ್ಕೆ ಇನ್ನೂ ನಾಲ್ಕು ಮಾತು ಬರುತ್ತವೆ, ಬೈಕ್ ವಾಪಸ್ ಕೊಡಿಸುವ ಮಾತೂ ಬರಬಹುದು. ಪರೀಕ್ಷೆ ಅದನ್ನು ಕೇಳುತ್ತಿಲ್ಲ. ಹೊರಗಿನ ಕಾನೂನು ನಿಮಗೆ ಗೊತ್ತಿರಬೇಕಾಗಿಲ್ಲ, ಕೊಟ್ಟ ನಿಯಮವನ್ನು ಕೊಟ್ಟ ಘಟನೆಗೆ ಹಚ್ಚಿ ನೋಡಿ ಅನ್ನುತ್ತದೆ. ಅವಳು ಎರಡು ದಿನ ನನ್ನ ಜೊತೆ ಜಗಳ ಆಡಿದಳು. ವಕೀಲಳಾಗುವವಳಿಗೆ ಜಗಳ ಬೇಕೇ ಬೇಕು ಅಂತ ಸುಮ್ಮನಿದ್ದೆ.

ಕೋಚಿಂಗಿನವರ ವಿಡಿಯೊಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಮೊದಲು ಪ್ರಶ್ನೆ ಓದಿ, ಆಮೇಲೆ ಪ್ಯಾಸೇಜ್’ ಅಂತ ಬಹಳ ಜನ ಹೇಳುತ್ತಾರೆ. ಚಿಕ್ಕಂದಿನಿಂದ ಕತೆಪುಸ್ತಕ, ಪೇಪರ್ ಓದಿ ಬೆಳೆದ ಮಕ್ಕಳಿಗೆ ಅದು ನಡೆಯಬಹುದು. ನಮ್ಮ ಮಕ್ಕಳಿಗೆ ನನ್ನ ಪ್ರಕಾರ ಅದು ವಿಷ. ಮೊದಲೇ ಪದ ಹುಡುಕುವ ಚಟ, ಅದಕ್ಕೆ ಇನ್ನಷ್ಟು ನೀರು ಹಾಕಿದಂತೆ. ಸ್ಪೀಡ್ ರೀಡಿಂಗ್ ಕೂಡ ಹಾಗೇ. ಅರ್ಥವಾಗದ್ದನ್ನು ಬೇಗ ಓದಿದರೆ ಬೇಗ ಅರ್ಥವಾಗದೇ ಹೋಗುತ್ತದೆ, ಅಷ್ಟೇ ಲಾಭ. ನಾವು ಮೊದಲ ಎರಡು ತಿಂಗಳು ಗಡಿಯಾರವನ್ನೇ ನೋಡಲಿಲ್ಲ. ದಿನಕ್ಕೆ ಎರಡೇ ಪ್ಯಾಸೇಜ್.

ಅದರಲ್ಲೂ ಹೆಚ್ಚು ಕೆಲಸ ಮಾಡಿದ್ದು ನಾನಲ್ಲ, ಚಿಗವ್ವ. ಅವಳು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಸಂಜೆ ರೊಟ್ಟಿ ಬಡಿಯುವಾಗ ಮಗಳು ಎದುರು ಕೂತು, ಒಂದು ಪ್ಯಾರಾ ಓದಿ, ಹಾಳೆ ಮುಚ್ಚಿಟ್ಟು, ಅದರಲ್ಲಿ ಏನಿತ್ತು ಅಂತ ಕನ್ನಡದಲ್ಲಿ ಹೇಳಬೇಕು. ಚಿಗವ್ವ ಕೇಳುತ್ತಿದ್ದುದು ಒಂದೇ ಪ್ರಶ್ನೆ, “ಯಾಕ?” ‘ಸರ್ಕಾರ ಈ ಕಾನೂನು ತರಬಾರದು ಅಂತಾರವ್ವಾ.’ ‘ಯಾಕ?’ ಅಲ್ಲಿ ಮಗಳು ತಡವರಿಸಿದರೆ ಗೊತ್ತಾಗಿಬಿಡುತ್ತಿತ್ತು, ಕಾರಣ ಇರುವ ಸಾಲನ್ನು ಅವಳು ಓದಿಲ್ಲ, ಕಣ್ಣಾಡಿಸಿದ್ದಾಳೆ ಅಂತ. ಮತ್ತೆ ಹಾಳೆ ತೆಗೆಯುವುದು. ನಾಲ್ಕು ಆಪ್ಷನ್ ಕೊಟ್ಟು ಕೇಳುವವರಿಗಿಂತ ಆ ಒಂದು ‘ಯಾಕ’ ಖಡಕ್ಕಾಗಿತ್ತು.

ಇದರ ಜೊತೆ ಒಂದು ತಪ್ಪಿನ ನೋಟ್‌ಬುಕ್. ತಪ್ಪಾದ ಪ್ರತಿ ಪ್ರಶ್ನೆಗೂ ಯಾಕೆ ತಪ್ಪಾಯಿತು ಅಂತ ಒಂದೇ ಸಾಲು ಬರೆಯಬೇಕು. ಪದ ಗೊತ್ತಿರಲಿಲ್ಲವೋ, ‘ಅಂತೆ’ ತಪ್ಪಿತೋ, ‘ಮಾತ್ರ’, ‘ಹೊರತು’ ಬಿಟ್ಟುಹೋಯಿತೋ, ಮನಸ್ಸಿನ ನ್ಯಾಯ ನಡುವೆ ಬಂತೋ, ಆಪ್ಷನ್ನನ್ನೇ ಅರ್ಧ ಓದಿದ್ದೋ. ಮೊದಲ ತಿಂಗಳ ಕೊನೆಗೆ ಎಣಿಸಿದೆವು. 62 ತಪ್ಪು. ಪದ ಗೊತ್ತಿಲ್ಲದೆ ತಪ್ಪಾಗಿದ್ದು 17. ಉಳಿದ 45ಕ್ಕೆ ಡಿಕ್ಷನರಿಯಲ್ಲಿ ಮದ್ದಿರಲಿಲ್ಲ. ಅವಳು ದಿನಾ 20 ಪದ ಬಾಯಿಪಾಠ ಮಾಡುವುದನ್ನು ನಿಲ್ಲಿಸಿದ್ದು ಆವತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಇಂಗ್ಲಿಷಿನ ಗೋಡೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಎತ್ತರಕ್ಕೇ ಇದೆ. ಡಾಕ್ಟರಾಗಲು ಬರೆಯುವ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಾದರೆ ವಕೀಲರಾಗುವ ಪರೀಕ್ಷೆಯನ್ನು ಯಾಕೆ ಬರೆಯಬಾರದು? 2023ರಲ್ಲಿ ದೆಹಲಿ ಹೈಕೋರ್ಟಿಗೆ ಇದೇ ಬೇಡಿಕೆಯ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು, ಭಾರತೀಯ ವಕೀಲರ ಪರಿಷತ್ತೂ ಅದನ್ನು ಬೆಂಬಲಿಸಿತು. ನಾನು ಆ ಬೇಡಿಕೆಯ ಪರ. ತಾಲ್ಲೂಕು ಕೋರ್ಟಿನಲ್ಲಿ ಕಕ್ಷಿದಾರ ಕನ್ನಡದಲ್ಲಿ ಅಳುತ್ತಾನೆ, ಅವನ ಮಾತು ಕೇಳುವ ವಕೀಲ ಕನ್ನಡ ಓದಿದವನಾದರೆ ನಷ್ಟ ಯಾರಿಗೆ? ಬೆಂಗಳೂರಿನ ಲಾ ಸ್ಕೂಲ್ ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಶೇ 25ರಷ್ಟು ಸೀಟು ಇಟ್ಟಿದೆ, ಒಳ್ಳೆಯದೇ. ಆದರೆ ಬೆಂಗಳೂರಿನ ದೊಡ್ಡ ಇಂಗ್ಲಿಷ್ ಶಾಲೆಯ ಮಗುವೂ ಕರ್ನಾಟಕದಲ್ಲಿ ಓದಿದ್ದೇ, ನಮ್ಮೂರ ಮಗುವೂ ಕರ್ನಾಟಕದಲ್ಲಿ ಓದಿದ್ದೇ. ಪತ್ರಿಕೆ ಇಬ್ಬರಿಗೂ ಅದೇ.

ಅರ್ಜಿ ಶುಲ್ಕದ ಮಾತಂತೂ ಬೇಡ. 4,000 ರೂಪಾಯಿ. ಎಸ್‌ಸಿ, ಎಸ್‌ಟಿ, ಬಿಪಿಎಲ್‌ನವರಿಗೆ 3,500. ನಮ್ಮ ರಾಜ್ಯದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ರಿಯಾಯಿತಿ ಸಿಕ್ಕವರಿಗೂ ಒಂಬತ್ತೂವರೆ ದಿನದ ಕೂಲಿ ಬರೀ ಅರ್ಜಿಗೆ. ಇದನ್ನು ರಿಯಾಯಿತಿ ಅಂತ ಕರೆಯಲು ಒಂದು ಧೈರ್ಯ ಬೇಕು.

ಆದರೆ ನಾಳೆ ಪರೀಕ್ಷೆ ಕನ್ನಡಕ್ಕೆ ಬಂತು ಅಂತಲೇ ಇಟ್ಟುಕೊಳ್ಳಿ. ಐದಕ್ಕೆ ಮೂರು ಬರುತ್ತದೆ. ಆಗ ನೆಪ ಹೇಳಲು ಇಂಗ್ಲಿಷ್ ಕೂಡ ಇರುವುದಿಲ್ಲ. ಅದಕ್ಕೇ ಎರಡು ಕೆಲಸವೂ ಒಟ್ಟಿಗೆ ಆಗಬೇಕು ಅನ್ನುವುದು ನನ್ನ ವಾದ. ಭಾಷೆಗಾಗಿ ಹೋರಾಡುವವರು ಹೋರಾಡಲಿ. ಅಷ್ಟರಲ್ಲಿ ಎಂಟನೇ ತರಗತಿಯಿಂದಲೇ ನಮ್ಮ ಮಕ್ಕಳ ಕೈಗೆ ಕನ್ನಡ ಪೇಪರಿನ ಸಂಪಾದಕೀಯ ಕೊಟ್ಟು “ಇವರು ಏನು ಹೇಳಿದರು, ಯಾಕೆ ಹೇಳಿದರು” ಅಂತ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಫೋನಿನಲ್ಲೇ ಇನ್ನೊಂದು ದಾರಿ ಇದೆ. ಸುಪ್ರೀಂ ಕೋರ್ಟ್ 2019ರಿಂದ ತನ್ನ ಕೆಲವು ತೀರ್ಪುಗಳನ್ನು ಕನ್ನಡಕ್ಕೂ ಅನುವಾದಿಸಿ ಜಾಲತಾಣದಲ್ಲಿ ಹಾಕುತ್ತಿದೆ. ಒಂದೇ ತೀರ್ಪಿನ ಎರಡು ಪುಟವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದರೆ ಸಿಗುವ ಪಾಠ ಯಾವ ಕೋಚಿಂಗಿನಲ್ಲೂ ಇಲ್ಲ. ಆ ಕನ್ನಡ ಸ್ವಲ್ಪ ಕಲ್ಲು ಅಗಿದಂತೆ ಇರುತ್ತದೆ, ತಾಳ್ಮೆ ಬೇಕು. ಹಳೇ ಕ್ಲಾಟ್ ಪತ್ರಿಕೆಗಳು ಪರೀಕ್ಷೆ ನಡೆಸುವವರ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ, ಅವಕ್ಕೆ ದುಡ್ಡು ಕೊಡಬೇಡಿ. ಬಡ ಮಕ್ಕಳಿಗೆ ತರಬೇತಿ ಕೊಡಲೆಂದೇ ಶಮ್ನಾದ್ ಬಷೀರ್ 2010ರಲ್ಲಿ ಕಟ್ಟಿದ ‘ಐಡಿಯಾ’ ಅನ್ನುವ ಸಂಸ್ಥೆಯೂ ಇದೆ, ಹುಡುಕಿ ನೋಡಿ.

ಅವಳ ಫಲಿತಾಂಶ ಏನಾಯಿತು ಅಂತ ಕೇಳುತ್ತೀರಿ. ಡಿಸೆಂಬರಿನಲ್ಲಿ ಬರೆದಳು. ಇಂಗ್ಲಿಷ್ ಮತ್ತು ಕಾನೂನು ತರ್ಕದಲ್ಲಿ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಮಾಡಿದಳು. ಪ್ರಚಲಿತ ವಿದ್ಯಮಾನದಲ್ಲಿ ಕೈಕೊಟ್ಟಿತು, ಅದಕ್ಕೆ ವರ್ಷವಿಡೀ ಪೇಪರ್ ಓದಿರಬೇಕು, ಏಳು ತಿಂಗಳು ಸಾಲಲಿಲ್ಲ. ಕೊನೆಯ ಎರಡು ಪ್ಯಾಸೇಜ್ ಮುಟ್ಟಲೂ ಟೈಮ್ ಸಿಗಲಿಲ್ಲ. ಗಡಿಯಾರ ಇಟ್ಟುಕೊಂಡು ಓದುವುದನ್ನು ಇನ್ನೂ ಒಂದು ತಿಂಗಳು ಮೊದಲೇ ಶುರು ಮಾಡಿಸಬೇಕಿತ್ತು, ಅದು ನನ್ನ ತಪ್ಪು. ಸೀಟು ಸಿಗಲಿಲ್ಲ. ಇನ್ನೊಂದು ಸಲ ಬರೆಯುತ್ತೇನೆ ಅಂತ ಕೂತಿದ್ದಾಳೆ.

ಈ ಸಲ ಪೇಪರಿಗೆ ಒಂದು ವ್ಯವಸ್ಥೆ ಆಗಬೇಕು ಅಂತ ಹೋದ ತಿಂಗಳು ಪಂಚಾಯಿತಿಗೆ ಹೋಗಿದ್ದೆ. ನಮ್ಮೂರ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಅಂತ ಬೋರ್ಡ್ ಇದೆ, ಕನ್ನಡ ಪೇಪರ್ ಎರಡು ಬರುತ್ತವೆ. ಒಂದು ಇಂಗ್ಲಿಷ್ ಪೇಪರೂ ತರಿಸಿ ಅಂತ ಅರ್ಜಿ ಕೊಟ್ಟೆ. ಸದಸ್ಯರೊಬ್ಬರು “ಇಂಗ್ಲಿಷ್ ಪೇಪರ್ ಇಲ್ಲಿ ಯಾರು ಓದ್ತಾರಪಾ?” ಅಂದರು. ಹೊರಗೆ ನಿಂತಿದ್ದ ಕಾಕಾನ ಮಗಳನ್ನೂ, ಅವಳ ಜೊತೆ ಈಗ ಸಂಜೆ ಕೂರುತ್ತಿರುವ ಇನ್ನೂ ಮೂವರು ಹುಡುಗಿಯರನ್ನೂ ಕರೆದು ತೋರಿಸಿದೆ. ಮುಂದಿನ ಸಭೆಯಲ್ಲಿ ಇಡುತ್ತೇವೆ ಅಂದಿದ್ದಾರೆ. ಅರ್ಜಿಗೆ ಹಿಂಬರಹ ಕೊಟ್ಟರು. ‘ಅನುದಾನದ ಲಭ್ಯತೆಗೆ ಒಳಪಟ್ಟು ಪರಿಗಣಿಸಲಾಗುವುದು’ ಅಂತ ಇತ್ತು. ಅವಳು ಅಲ್ಲೇ ಪೆನ್ಸಿಲ್ ತೆಗೆದು ‘ಒಳಪಟ್ಟು’ ಕೆಳಗೆ ಗೆರೆ ಎಳೆದಳು.